ಮೂರನೆಯವಳು ಕೂಗಲಿಲ್ಲ

ನನ್ನ ಗುಬ್ಬಿ,

ಆಸ್ಪತ್ರೆಯಲ್ಲಿ ನಿನ್ನ ಹಾಸಿಗೆಯ ಪಕ್ಕದಲ್ಲೇ ಕೂತು ಬರೆಯುತ್ತಿದ್ದೇನೆ. ಹೊಗೆ ಕುಡಿದ ಗಂಟಲು, ಮಾತಾಡಿಸಬೇಡಿ ಎಂದಿದ್ದಾರೆ ಡಾಕ್ಟರು. ನನಗೂ ಬಾಯಿ ತೆರೆದರೆ ಅಳುವೇ ಬರುತ್ತದೆ. ಭಯ ಇನ್ನೂ ಹೋಗಿಲ್ಲ ಕಂದ. ಕಿಟಕಿಯಾಚೆ ಯಾರೋ ಬೆಂಕಿಕಡ್ಡಿ ಗೀರಿದರೂ ಎದ್ದು ಹೋಗಿ ನೋಡುತ್ತೇನೆ.

ಬಾಲಕಿಯರ ದಳಕ್ಕೆ ನಿನ್ನನ್ನು ಸೇರಿಸಿದವಳು ನಾನೇ. ಮನೆಗೆ ಯಾರಾದರೂ ಬಂದರೆ ನನ್ನ ಬೆನ್ನ ಹಿಂದೆ ಅಡಗುತ್ತಿದ್ದೆ, ಹೆಸರು ಕೇಳಿದರೆ ಬಾಯಿಗೆ ಬೀಗ. "ಸ್ವಲ್ಪ ಧೈರ್ಯ ಕಲಿಸಿ, ಅಷ್ಟು ಸಾಕು" ಎಂದು ದಳದ ಅಕ್ಕನಿಗೆ ಹೇಳಿದ್ದೆ. ಅವರು ಗಂಟು ಹಾಕುವುದು, ಗಾಯ ಕಟ್ಟುವುದು, ಹಗ್ಗ ಹಿಡಿದು ಸಾಲಾಗಿ ನಡೆಯುವುದು ಎಲ್ಲ ಕಲಿಸಿದರು. ಪ್ರತಿಯೊಬ್ಬಳೂ ತನ್ನ ಸಂಖ್ಯೆ ಕೂಗಬೇಕು. ಒಂದು ಕೂಗು ಬಾರದಿದ್ದರೂ ಸಾಲು ಮುಂದೆ ಹೋಗುವಂತಿಲ್ಲ. ನೀನೊಮ್ಮೆ ನನ್ನನ್ನೂ ಅಪ್ಪನನ್ನೂ ಅಡುಗೆಮನೆಯಿಂದ ಬಾಗಿಲವರೆಗೆ ಹಾಗೇ ನಡೆಸಿ ಹೊಟ್ಟೆ ಹುಣ್ಣಾಗುವಷ್ಟು ನಗಿಸಿದ್ದೆ.

ನಿನ್ನೆ ನಮ್ಮ ಮನೆಯ ಕೆಳಗಿನ ಹೊಲಿಗೆ ಅಂಗಡಿಗೆ ಬೆಂಕಿ ಬಿತ್ತೆಂದು ಕೇಳಿ ಕೆಲಸ ಬಿಟ್ಟು ಓಡಿಬಂದೆ. ಮೆಟ್ಟಿಲ ತುಂಬ ಹೊಗೆ. ಅದರೊಳಗಿಂದ ಅಕ್ಕಪಕ್ಕದ ಮನೆಯ ಮಕ್ಕಳು, ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು, ಒಂದೇ ಹಗ್ಗ ಹಿಡಿದು ಹೊರಬಂದರು. ಕೊನೆಯಲ್ಲಿ ನೀನು. ಹೋದ ಜೀವ ಬಂದಂತಾಯಿತು. ಮಕ್ಕಳನ್ನು ಜನ ಮುತ್ತಿಕೊಂಡರು. ಕಣ್ಣುರಿಗೆ ನಿನಗೇನೂ ಕಾಣುತ್ತಿರಲಿಲ್ಲ. ಸಂಖ್ಯೆ ಹೇಳಿ ಎಂದು ನೀನು ಕೂಗಿದೆ. ಒಂದು, ಎರಡು ಬಂತು. ಮೂರು ಬರಲಿಲ್ಲ; ಅದು ಪಕ್ಕದ ಮನೆಯ ಪುಟ್ಟಿಗೆ ನೀನು ಕೊಟ್ಟಿದ್ದ ಸಂಖ್ಯೆ.

"ಪುಟ್ಟಿ ಒಳಗೇ ಇದ್ದಾಳೆ" ಎಂದವಳೇ ನೀನು ತಿರುಗಿ ಹೊಗೆಯೊಳಗೆ ಓಡಿದೆ.

ಪುಟ್ಟಿ ಹೊರಗೇ ಇದ್ದಳು ಗುಬ್ಬಿ. ಹಗ್ಗ ಹಿಡಿದೇ ನಿಂತಿದ್ದಳು. ಹೆದರಿಕೆಗೆ ಅವಳ ದನಿ ಹೊರಟಿರಲಿಲ್ಲ, ಅಷ್ಟೇ. ಅಗ್ನಿಶಾಮಕದವರು ನಿನ್ನನ್ನು ಹೊತ್ತು ತರುವವರೆಗೆ ನಾನು ಮೆಟ್ಟಿಲ ಬುಡದಲ್ಲಿ ನಿನ್ನ ಹೆಸರು ಕೂಗುತ್ತಲೇ ಇದ್ದೆ.

"ಆ ದಳದ ಸಹವಾಸ ಇನ್ನು ಸಾಕು, ನಮಗೆ ಮಗಳು ಇದ್ದರೆ ಸಾಕು" ಅಂತಾರೆ ನಿನ್ನಪ್ಪ. ರಾತ್ರಿಯೆಲ್ಲ ನನ್ನದೂ ಅದೇ ಮಾತಾಗಿತ್ತು. ಬೆಳಿಗ್ಗೆ ಕಣ್ಣು ಬಿಟ್ಟಾಗ ನೀನು ನೀರು ಕೇಳಲಿಲ್ಲ, ನನ್ನನ್ನೂ ಹುಡುಕಲಿಲ್ಲ. ಮೂರು ಬೆರಳು ಎತ್ತಿ ತೋರಿಸಿದೆ. ಪುಟ್ಟಿ ಚೆನ್ನಾಗಿದ್ದಾಳೆ ಎಂದು ನಾನು ಹೇಳಿದೆ. ಆಮೇಲಷ್ಟೇ ನೀನು ನಿದ್ದೆ ಹೋದೆ.

ಇಂಥವಳನ್ನು ಮತ್ತೆ ನನ್ನ ಬೆನ್ನ ಹಿಂದೆ ಅಡಗಿಸಿಡಲು ನನ್ನಿಂದಾಗದು. ಕಳಿಸಲು ಮನಸ್ಸು ಒಪ್ಪುತ್ತಿಲ್ಲ, ಆದರೂ ದಳಕ್ಕೆ ಹೋಗು. ಬೆಂಕಿಯಿರುವ ಕಡೆಗೆ ಮಾತ್ರ ಇನ್ನೆಂದೂ ಒಬ್ಬಳೇ ಹಿಂದಿರುಗಬೇಡ, ದೊಡ್ಡವರನ್ನು ಕೂಗು. ಅಕ್ಕನಿಗೂ ಹೇಳು, ಇನ್ನು ಮೇಲೆ ಮಕ್ಕಳ ತಲೆ ಮುಟ್ಟಿ ಎಣಿಸಲಿ. ಹೆದರಿದ ಮಗುವಿಗೆ ದನಿ ಬರುವುದಿಲ್ಲ ಎಂಬುದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ನನ್ನ ಆಯುಸ್ಸೂ ನಿನಗಿರಲಿ.

ಇನ್ನೂ ನಡುಗುತ್ತಿರುವ
ನಿನ್ನಮ್ಮ