ತಪ್ಪಿಲ್ಲದ ಕಾಲರುಗಳು

ಭಾನುವಾರ, ಮಧ್ಯಾಹ್ನ

ನನ್ನ ಅಕ್ಕನಿಗೆ,

ಪತ್ರ ಎಂದರೆ ಮೊದಲು "ನಾನು ಇಲ್ಲಿ ಕ್ಷೇಮ" ಎಂದು ಬರೆಯಬೇಕು ಅಂತ ನನಗೆ ಕಲಿಸಿದವಳು ನೀನೇ. ಈ ಸಲ ಆ ಸಾಲನ್ನು ಬಿಟ್ಟಿದ್ದೇನೆ. ಪೂರ್ತಿ ಕ್ಷೇಮವಿಲ್ಲ. ಹಾಗಂತ ನೀನು ಗಾಬರಿಯಾಗುವಂಥದ್ದೂ ಏನಿಲ್ಲ. ಕೂತು ಓದು.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಮಾತಾಡುತ್ತೀಯ, ನಾನು ಹ್ಞೂಂ ಅನ್ನುತ್ತೇನೆ. ಚಿಕ್ಕಂದಿನಿಂದ ನಮ್ಮಿಬ್ಬರ ರೂಢಿ ಅದೇ ತಾನೇ. ಬರೆಯುವಾಗಾದರೆ ನೀನು ನಡುವೆ ಬಾಯಿ ಹಾಕಲಾರೆ. ನಾಲ್ಕನೇ ಕ್ಲಾಸಿಗೆ ನಿಂತ ಓದು ನನ್ನದು, ತಪ್ಪು ಕಂಡರೆ ನುಂಗಿಕೋ.

ಮನಸ್ಸಿನ ಡಾಕ್ಟರ ಹತ್ತಿರ ಹೋಗುತ್ತಿದ್ದೇನೆ ಎಂದಷ್ಟೇ ಫೋನಿನಲ್ಲಿ ಹೇಳಿದ್ದಕ್ಕೆ ನೀನು, "ಆ ಮಾತ್ರೆ ಎಲ್ಲ ಎಸೆದು ಬಾ, ತಲೆ ಕೆಟ್ಟವರು ಹೋಗೋ ಕಡೆ ನಿನಗೇನು ಕೆಲಸ, ನಾಲ್ಕು ದಿನ ನನ್ನ ಕೈಯೂಟ ಉಂಡರೆ ಎಲ್ಲ ಸರಿಹೋಗುತ್ತೆ" ಎಂದು ಬರೆದಿದ್ದೀಯ. ಅಕ್ಕ, ನಾನು ಬರುವುದಿಲ್ಲ. ನಿನ್ನನ್ನು ನೋಡಲು ಖಂಡಿತ ಬರುತ್ತೇನೆ, ಚಿಕಿತ್ಸೆ ಬಿಟ್ಟು ಬರುವುದಿಲ್ಲ. ನಿನ್ನ ಮಾತಿಗೆ ಇಲ್ಲ ಅನ್ನುತ್ತಿರುವುದು ಇದೇ ಮೊದಲು. ಹಾಗೆಂದು ಬರೆದ ಮೇಲೆ ಎದ್ದು ಹೋಗಿ ನೀರು ಕುಡಿದು ಬಂದೆ. ನೀನು ಕೋಪ ಮಾಡಿಕೊಂಡು ಮಾತು ಬಿಟ್ಟರೆ ನನಗೆ ಬೇರೆ ಯಾರೂ ಇಲ್ಲ. ಅದಕ್ಕೇ ಮೊದಲಿಂದ ಹೇಳುತ್ತೇನೆ.

ನನ್ನ ಕೆಲಸ ಏನೆಂದು ನಿನಗೆ ಗೊತ್ತು, ಕಣ್ಣಾರೆ ನೋಡಿಲ್ಲ. ಉದ್ದನೆಯ ಮೇಜು, ಅದರ ಮೇಲೆ ಸಾಲಾಗಿ ಟ್ಯೂಬ್‌ಲೈಟು. ಹೊಲಿದ ಶರ್ಟುಗಳು ಬಂಡಲುಗಳಲ್ಲಿ ಬರುತ್ತವೆ. ಒಂದೊಂದನ್ನೂ ಹರಡಿ ಮೊದಲು ಕಾಲರು, ಆಮೇಲೆ ಭುಜ, ತೋಳು, ಕಫ್, ಕೊನೆಗೆ ಒಳಮಗ್ಗುಲು ನೋಡಬೇಕು. ಹೊಲಿಗೆ ಜಾರಿದ್ದರೆ ಅಲ್ಲಿಗೆ ಕೆಂಪು ಬಾಣದ ಸ್ಟಿಕರ್ ಅಂಟಿಸಿ ಪಕ್ಕಕ್ಕೆ ಹಾಕಬೇಕು. ಹೊಲಿದವಳು ಬಂದು ಅದನ್ನು ಬಿಚ್ಚಿ ಸರಿಮಾಡುತ್ತಾಳೆ. ಬೆಳಗಿಂದ ಸಂಜೆವರೆಗೆ ತಪ್ಪು ಹುಡುಕುವುದಕ್ಕೇ ನನಗೆ ಸಂಬಳ. ಲೈನಿನವರು ನನಗೆ ದುರ್ಬೀನು ಅಂತ ಹೆಸರಿಟ್ಟಿದ್ದಾರೆ. ನಾನು ಆ ಕಡೆ ಹೋದರೆ ಸಾಕು, "ದುರ್ಬೀನು ಬಂತು, ನಿಮ್ಮ ನಿಮ್ಮ ಹೊಲಿಗೆ ಮುಚ್ಕೊಳ್ರೇ" ಎಂದು ಗುಂಡಿಯಕ್ಕ ಕೂಗುತ್ತಾಳೆ. ಗುಂಡಿಯಕ್ಕ ಅಂದರೆ ನನ್ನ ಜೊತೆ ರೂಮಿನಲ್ಲಿರುವವಳು, ಗುಂಡಿ ಹಾಕುವ ಮಷೀನಿನಲ್ಲಿ ಕೂರುತ್ತಾಳೆ. ಬಾಯಿ ನಿನ್ನಷ್ಟೇ ಜೋರು.

ನನಗೆ ಇದು ಯಾವಾಗ ಶುರುವಾಯಿತೋ ಗೊತ್ತಿಲ್ಲ. ಜ್ವರ ಬಂದ ಹಾಗೆ ಬರಲಿಲ್ಲ. ಒಗೆದಾಗಲೆಲ್ಲ ಬಟ್ಟೆಯ ಬಣ್ಣ ಸ್ವಲ್ಪ ಸ್ವಲ್ಪ ಹೋಗುತ್ತದಲ್ಲ, ಹಾಗೆ ವರ್ಷಗಟ್ಟಲೆ ಹೋಯಿತು. ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಎದೆ ಡವಡವ. ಯಾಕೆ ಅಂದರೆ ಕಾರಣವಿಲ್ಲ. ಸೂಪರ್‌ವೈಸರ್ ಕರೆದರೆ ನನ್ನ ಕೆಲಸ ಹೋಯಿತು ಅನ್ನಿಸುವುದು. ನೀನು ಫೋನ್ ಎತ್ತದಿದ್ದರೆ ನಿನಗೇನೋ ಆಗಿದೆ, ಎತ್ತಿದರೆ ನನ್ನ ಕಾಟದಿಂದ ನಿನಗೆ ಬೇಜಾರಾಗಿದೆ. ಎಲ್ಲಿಂದ ಹೊರಟರೂ ಯೋಚನೆ ಬಂದು ನಿಲ್ಲುತ್ತಿದ್ದುದು ಒಂದೇ ಕಡೆ, ನಾನು ಯಾವುದಕ್ಕೂ ಬಾರದವಳು ಅನ್ನುವಲ್ಲಿ. ನಿನಗೆ ಮಾತ್ರ "ಚೆನ್ನಾಗಿದ್ದೀನಿ" ಅನ್ನುತ್ತಿದ್ದೆ.

ಹೀಗಿರುವಾಗ ಒಂದು ದಿನ ತಿಳಿನೀಲಿ ಶರ್ಟುಗಳು ಬಂದವು. ಮೊದಲನೆಯದರ ಕಾಲರಿನ ಎರಡು ತುದಿ ಸಮವಿಲ್ಲ ಅನ್ನಿಸಿತು, ಬಾಣ ಹಚ್ಚಿದೆ. ಮುಂದಿನದೂ ಹಾಗೇ ಕಂಡಿತು. ಅದರ ಮುಂದಿನದೂ. ಊಟದ ಗಂಟೆ ಹೊತ್ತಿಗೆ ಮೇಜೆಲ್ಲ ಕೆಂಪು. ಬೇರೆ ಯಾರಾದರೂ ಇಷ್ಟು ಹಚ್ಚಿದ್ದರೆ ಹೊಲಿಯುವವರು ಜಗಳಕ್ಕೇ ಬರುತ್ತಿದ್ದರು. ಹಚ್ಚಿದ್ದು ದುರ್ಬೀನು ನೋಡು, ಯಾರೂ ಅಳತೆ ಹಿಡಿದು ನೋಡಲಿಲ್ಲ. ತುಟಿಪಿಟಿಕ್ಕೆನ್ನದೆ ಕಾಲರುಗಳನ್ನು ಬಿಚ್ಚಿ ಮತ್ತೆ ಹೊಲಿಯಲು ಕೂತರು. ಸಂಜೆ ಸೂಪರ್‌ವೈಸರ್ ಬಂದು, ಇನ್ನೂ ಬಿಚ್ಚದೆ ಉಳಿದಿದ್ದ ಒಂದು ಶರ್ಟಿಗೆ ರಟ್ಟಿನ ಅಚ್ಚು ಇಟ್ಟು ನೋಡಿದರು. ಸರಿಯಾಗಿತ್ತು. ಇನ್ನೊಂದಕ್ಕೆ ಇಟ್ಟರು, ಅದೂ ಸರಿ. ಒಂದು ಕಾಲರಿನಲ್ಲೂ ತಪ್ಪಿರಲಿಲ್ಲ. ಬಿಚ್ಚಿ ಹೊಲಿದವುಗಳಲ್ಲಿ ಮಾತ್ರ ಹಳೆಯ ಸೂಜಿತೂತುಗಳು ಸಾಲಾಗಿ ಕಾಣುತ್ತಿದ್ದವು. ಆ ನುಣುಪು ಬಟ್ಟೆಯಲ್ಲಿ ತೂತು ಕೂಡಿಕೊಳ್ಳುವುದಿಲ್ಲ. ಚೆನ್ನಾಗಿದ್ದದ್ದು ನನ್ನ ಬಾಣದಿಂದಲೇ ಹಾಳಾಗಿತ್ತು.

ಸೂಪರ್‌ವೈಸರ್ ಬೈದರು. ಅದಕ್ಕಿಂತ ಹೆಚ್ಚು ಚುಚ್ಚಿದ್ದು, ಹೊಲಿಯುವವರು ಬೈಯದೆ ನನ್ನನ್ನೇ ನೋಡಿದ್ದು. ಕೈಕಾಲು ತಣ್ಣಗಾಗಿ, ಉಸಿರು ಸಿಗದೆ, ಮೇಜಿನ ಪಕ್ಕ ಕುಸಿದು ಕೂತೆ. ಸತ್ತೇ ಹೋಗುತ್ತೇನೆ ಅಂದುಕೊಂಡೆ. ಯಾರೋ ನೀರು ಕೊಟ್ಟರು, ಯಾರೋ ಗಾಳಿ ಹಾಕಿದರು.

ಗುಂಡಿಯಕ್ಕ ದಾರಿಯುದ್ದಕ್ಕೂ ನನ್ನ ಕೈ ಹಿಡಿದುಕೊಂಡೇ ಬಂದಳು. ರೂಮಿನ ಬೀಗ ತೆಗೆಯುತ್ತಾ, "ಶರ್ಟಿಗೊಂದೇ ಅಲ್ಲ ಕಣೇ ನೀನು ಬಾಣ ಹಚ್ಚೋದು. ದಿನಾ ನೋಡ್ತೀನಿ. ನಿನ್ನ ಮೈಮೇಲೆ ಖಾಲಿ ಜಾಗಾನೇ ಉಳಿದಿಲ್ಲ" ಅಂದಳು. ಆಸ್ಪತ್ರೆಗೆ ಹೋಗೋಣ ಅಂದಳು. ಮನಸ್ಸಿನ ಡಾಕ್ಟರ ಹತ್ತಿರ ಹೋದರೆ ಹುಚ್ಚಿ ಅಂತಾರೆ ಅಂದೆ. "ಹಲ್ಲಿನ ಡಾಕ್ಟ್ರ ಹತ್ರ ಹೋದ್ರೆ ಹಲ್ಲಿ ಅಂತಾರಾ? ಸುಮ್ನೆ ನಡಿ" ಅಂದಳು. ಅಷ್ಟು ಸಂಕಟದಲ್ಲೂ ನಗು ಬಂತು.

ನೀನು ಅಂದುಕೊಂಡಿರುವ ಹಾಗಿಲ್ಲ ಅಕ್ಕ ಆ ಜಾಗ. ನಾನೂ ಬೀಗ, ಕಿರುಚಾಟ ಏನೇನೋ ಅಂದುಕೊಂಡಿದ್ದೆ. ದೊಡ್ಡಾಸ್ಪತ್ರೆಯ ಹಿಂದುಗಡೆ, ಕಣ್ಣು ನೋಡುವ ಕೋಣೆಯ ಪಕ್ಕದಲ್ಲಿ ಹಸಿರು ಬಾಗಿಲು. ಹೊರಗೆ ಮರದ ಬೆಂಚು. ಗೋಡೆಗೆ ಒರಗಿದರೆ ಸುಣ್ಣ ಮೆತ್ತಿಕೊಳ್ಳುತ್ತದೆ, ಸ್ವಲ್ಪ ಮುಂದಕ್ಕೆ ಕೂರಬೇಕು. ಅಲ್ಲಿದ್ದವರು ಯಾರು ಗೊತ್ತಾ? ಇಸ್ತ್ರಿ ಮಾಡಿದ ಪ್ಯಾಂಟಿನ ಗುಮಾಸ್ತರು, ಕಾಲೇಜಿನ ಹುಡುಗಿ, ಸ್ವೆಟರ್ ಹೆಣೆಯುತ್ತಿದ್ದ ಒಬ್ಬ ಅಜ್ಜಿ. ಅಜ್ಜಿ ಜರುಗಿ ಜಾಗ ಕೊಟ್ಟು, "ಮೊದಲ್ನೇ ಸಲಾನಾ? ಒಳಗೆ ಅಳು ಬಂದ್ರೆ ಅತ್ಬಿಡಮ್ಮ. ನಾನು ಹೋದ್ಸಲ ತಡ್ಕೊಳ್ಳೋಕೆ ಹೋಗಿ ಬಿಕ್ಕಳಿಕೆ ಹಿಡೀತು" ಅಂದರು.

ಒಳಗಿನ ಡಾಕ್ಟರ್ ಹೆಂಗಸು, ಹೆಚ್ಚುಕಡಿಮೆ ನಿನ್ನ ವಯಸ್ಸು. ನಿದ್ದೆ ಹೇಗೆ, ಊಟ ಹೇಗೆ, ಎಷ್ಟು ಕಾಲದಿಂದ ಎಂದು ಕೇಳಿದರು. ಅವಸರ ಮಾಡಲಿಲ್ಲ. ದೇಹದಲ್ಲಿ ಏನಾದರೂ ಏರುಪೇರಾದರೂ ಹೀಗಾಗಬಹುದು ಎಂದು ರಕ್ತ ಪರೀಕ್ಷೆಗೂ ಬರೆದರು. ಆಮೇಲೆ, ಬದುಕಿರುವುದೇ ಬೇಡ ಅನ್ನಿಸುತ್ತದೆಯಾ ಎಂದು ನೇರವಾಗಿ ಕೇಳಿದರು. ಅದುವರೆಗೆ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಬೆಳಿಗ್ಗೆ ಎಚ್ಚರ ಆಗದಿದ್ದರೆ ಸಾಕು ಅನ್ನಿಸುತ್ತದೆ ಅಂದೆ. ಅವರು ಹೌಹಾರಲಿಲ್ಲ. "ಹೇಳಿದ್ದು ಒಳ್ಳೇದಾಯ್ತು. ಇಷ್ಟು ದಿನ ಒಬ್ರೇ ಹೊತ್ಕೊಂಡಿದ್ರಲ್ಲ" ಅಂದರು. ಅಲ್ಲಿ ಅತ್ತುಬಿಟ್ಟೆ ಅಕ್ಕ. ಇದನ್ನು ಓದಿ ನಿನ್ನ ಎದೆ ಧಸಕ್ಕೆನ್ನುತ್ತದೆ, ಗೊತ್ತು. ಆದರೂ ಬರೆದೆ, ನಿನ್ನಿಂದ ಇನ್ನು ಮುಚ್ಚಿಡುವುದು ಬೇಡ ಎಂದು. ಆ ಯೋಚನೆ ಈಗ ಅಪರೂಪ. ಬಂದರೆ ಯಾರಿಗೆ ಹೇಳಬೇಕು ಅನ್ನುವುದು ನನಗೆ ಗೊತ್ತಿದೆ, ಗುಂಡಿಯಕ್ಕನಿಗೂ ಗೊತ್ತಿದೆ.

ಮಾತ್ರೆ ಕೊಟ್ಟರು. ಕೆಲಸ ಮಾಡಲು ಕೆಲವು ವಾರ ಬೇಕು ಎಂದು ಮೊದಲೇ ಹೇಳಿದ್ದರು. ಶುರುವಿನಲ್ಲಿ ಹೊಟ್ಟೆ ತೊಳಸಿತು, ಬಾಯಿ ಒಣಗಿತು, ಅಷ್ಟೆ. ಮಾತ್ರೆಯ ಜೊತೆಗೆ, ವಾರಕ್ಕೊಮ್ಮೆ ಅಲ್ಲೇ ಇನ್ನೊಬ್ಬ ಮೇಡಂ ಹತ್ತಿರ ಕೂತು ಮಾತಾಡಬೇಕು. ನನಗೆ ಮಾತೇ ಬರುವುದಿಲ್ಲ, ಏನು ಹೇಳಲಿ ಎಂದು ಮೊದಲ ದಿನ ನನ್ನ ಸೆರಗಿನ ಅಂಚನ್ನೇ ನೋಡುತ್ತಾ ಕೂತಿದ್ದೆ. ಕೊನೆಗೆ ಕಾಲರಿನ ಕಥೆ ಹೇಳಿದೆ. ಅವರಿಗೆ ಅದು ಬಹಳ ಹಿಡಿಸಿತು. "ಒಳ್ಳೇದನ್ನೇ ಯೋಚ್ಸಿ ಅಂತ ನಾನು ಹೇಳಲ್ಲ. ಬಿಚ್ಚೋಕೆ ಮುಂಚೆ ಒಂದ್ಸಲ ಅಚ್ಚು ಇಟ್ಟು ನೋಡಿ ಅಂತೀನಿ" ಅಂದರು. ಅಂದರೆ, ಕೆಟ್ಟ ಯೋಚನೆ ಬಂದಾಗ ಅದು ನಿಜವೇ ಎಂದು ವಿಚಾರಿಸಿ ನೋಡಬೇಕು.

ಹಾಗೆ ನೋಡಿದ್ದು ಒಂದು ಹೇಳುತ್ತೇನೆ. ಒಂದು ಸಂಜೆ ಗುಂಡಿಯಕ್ಕ ಬಂದವಳೇ ಮುಖ ಗಂಟು ಹಾಕಿಕೊಂಡು ಕೂತಳು. ಮೊದಲಾಗಿದ್ದರೆ ಅಷ್ಟಕ್ಕೇ ನನ್ನ ಊಟ ನಿದ್ದೆ ಎರಡೂ ಹೋಗುತ್ತಿದ್ದವು. ಧೈರ್ಯ ಮಾಡಿ, ನನ್ನ ಮೇಲೆ ಕೋಪಾನಾ ಎಂದು ಕೇಳಿದೆ. "ಹೊಸ ಚಪ್ಪಲಿ ಕಚ್ಚಿ ಕಾಲು ಉರೀತಿದೆ ಮಾರಾಯ್ತಿ. ಊರಲ್ಲಿ ಆಗೋದಕ್ಕೆಲ್ಲ ನೀನೇ ಕಾರಣ ಆಗೋಕೆ ನೀನೇನು ಮಂತ್ರಿನಾ?" ಅಂದಳು. ಆಮೇಲೆ ನಾನೇ ಅವಳ ಕಾಲಿಗೆ ಎಣ್ಣೆ ಹಚ್ಚಿದೆ.

ದಿನವೂ ಹೀಗೇ ಸಲೀಸು ಅಂದುಕೊಳ್ಳಬೇಡ. ಕೆಲವು ದಿನ ಏಳುವುದೇ ದೊಡ್ಡ ಕೆಲಸ. ಸದ್ಯಕ್ಕೆ ನನ್ನನ್ನು ಶರ್ಟು ಮಡಚುವ ಕಡೆ ಹಾಕಿದ್ದಾರೆ, ಆ ಮೇಜಿಗೆ ಮತ್ತೆ ಹೋಗುತ್ತೇನೋ ಇಲ್ಲವೋ ಗೊತ್ತಿಲ್ಲ. ಆದರೆ ಮೊನ್ನೆ ಬ್ರೆಡ್ಡನ್ನು ಚಹಾದಲ್ಲಿ ಅದ್ದಿ ತಿನ್ನುವಾಗ ರುಚಿ ಗೊತ್ತಾಯಿತು. ಎಷ್ಟು ಕಾಲವಾಗಿತ್ತು.

ಇನ್ನೊಂದು ಹೇಳಬೇಕು. ನಿನ್ನ ಪತ್ರ ಬಂದ ದಿನವೇ ನಾನು ಮಾತ್ರೆ ನಿಲ್ಲಿಸಿದ್ದೆ. ಅಕ್ಕ ಹೇಳಿದಳು, ಮುಗಿಯಿತು. ಕೆಲವೇ ದಿನಗಳಲ್ಲಿ ತಲೆ ಸುತ್ತು, ಕಾರಣವಿಲ್ಲದೆ ಅಳು, ಮತ್ತೆ ಅದೇ ಡವಡವ. ಡಾಕ್ಟರ ಹತ್ತಿರ ಹೋಗಿ ಒಪ್ಪಿಕೊಂಡೆ. ನಾವಾಗೇ ಹಾಗೆ ತಟ್ಟನೆ ಬಿಡಬಾರದು, ಸಮಯ ಬಂದಾಗ ಅವರೇ ಸ್ವಲ್ಪ ಸ್ವಲ್ಪ ಇಳಿಸುತ್ತಾರಂತೆ. ಯಾಕೆ ನಿಲ್ಲಿಸಿದಿರಿ ಅಂದರು, ಹೇಳಿದೆ. "ನಿಮ್ಮಕ್ಕಂಗೆ ನಿಮ್ಮ ಮೇಲೆ ಪ್ರೀತಿ ಜಾಸ್ತಿ. ಭಯಾನೂ ಜಾಸ್ತಿ ಇರ್ಬೇಕು" ಅಂದರು.

ನಿನಗೆ ಯಾಕೆ ಭಯ ಎಂದು ಬಸ್ಸಿನಲ್ಲಿ ಯೋಚಿಸುತ್ತಾ ಬಂದೆ. ಅಮ್ಮ ನೆನಪಾದಳು. ಮಧ್ಯಾಹ್ನವೆಲ್ಲ ಗೋಡೆ ಕಡೆ ತಿರುಗಿ ಮಲಗಿರುತ್ತಿದ್ದಳಲ್ಲ. ನೀನು ಸ್ಟೂಲಿನ ಮೇಲೆ ನಿಂತು ಅನ್ನ ಬಸಿಯುತ್ತಿದ್ದೆ. ಯಾರಾದರೂ ಬಂದರೆ ಬಾಗಿಲಲ್ಲೇ ತಡೆದು, "ಅಮ್ಮಂಗೆ ತಲೆನೋವು" ಅನ್ನುತ್ತಿದ್ದೆ. ಆದರೂ ಬಂದವರು ಸೋಮಾರಿ ಅಂದೇ ಹೋಗುತ್ತಿದ್ದರು. ಅವಳನ್ನು ಯಾರೂ ಎಲ್ಲಿಗೂ ಕರೆದುಕೊಂಡು ಹೋಗಲಿಲ್ಲ. ನೀನಾಗ ಎಷ್ಟರವಳು, ಜನರ ಬಾಯಿಂದ ಅಮ್ಮನನ್ನು ಮುಚ್ಚಿಟ್ಟು ಕಾಪಾಡಿದೆ. ಅದಕ್ಕಿಂತ ಹೆಚ್ಚು ಯಾರಿಗೆ ತಾನೇ ಆಗುತ್ತಿತ್ತು? ಈಗ ನನ್ನನ್ನೂ ಹಾಗೇ ಕಾಪಾಡಲು ನೋಡುತ್ತಿದ್ದೀಯ. ಬೇಡ ಅಕ್ಕ. ನನ್ನನ್ನು ಮುಚ್ಚಿಡಬೇಡ. ಯಾರಾದರೂ ಕೇಳಿದರೆ, ನನ್ನ ತಂಗಿಗೆ ಮನಸ್ಸಿನ ಕಾಯಿಲೆ, ಔಷಧಿ ತಗೋತಿದ್ದಾಳೆ ಅಂದುಬಿಡು. ಅನ್ನುವವರು ಅಂದುಕೊಳ್ಳಲಿ.

ಬೈದಾದರೂ ಸರಿ, ಉತ್ತರ ಬರೆ. ಸುಮ್ಮನಿರಬೇಡ. ನೀನು ಸುಮ್ಮನಿದ್ದರೆ ನನ್ನ ತಲೆ ನೂರೆಂಟು ಕಥೆ ಕಟ್ಟುತ್ತದೆ, ಪ್ರತಿಯೊಂದನ್ನೂ ನಿಜವೇ ಎಂದು ವಿಚಾರಿಸುತ್ತಾ ಕೂರಲು ನನಗೆ ಪುರುಸೊತ್ತಿಲ್ಲ.

ನಿನ್ನ ಕೈಯಲ್ಲೇ ಬೆಳೆದ,
ಪುಟ್ಟಿ

ತಾ.ಕ.: ಭಾವ ಫೋನ್ ಮಾಡಿದ್ದರು. ನಿನಗೆ ಹೇಳಬೇಡ ಅಂದಿದ್ದರು, ಹೇಳುತ್ತಿದ್ದೇನೆ, ಅವರ ಮೇಲೆ ರೇಗಬೇಡ. "ನಿಮ್ಮಕ್ಕ ಒಲೆ ಮೇಲೆ ಹಾಲಿಟ್ಟು ಅದನ್ನೇ ನೋಡ್ತಾ ನಿಂತಿರ್ತಾಳೆ, ಉಕ್ಕಿ ಹರಿದ್ರೂ ಗೊತ್ತಾಗಲ್ಲ. ಏನಾಯ್ತು ಅಂದ್ರೆ ತಲೆನೋವು ಅಂತಾಳೆ" ಅಂದರು. ಬೆಂಚು ಎಲ್ಲಿದೆ, ಬಾಗಿಲು ಯಾವುದು, ಒಳಗೆ ಏನು ಕೇಳುತ್ತಾರೆ ಎಂದೆಲ್ಲ ಇಷ್ಟುದ್ದ ಬರೆದದ್ದು ಅದಕ್ಕೇ. ನಮ್ಮ ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿತ್ತಾ ಎಂದು ಡಾಕ್ಟರ್ ಕೇಳಿದಾಗ ಅಮ್ಮನ ವಿಷಯ ಹೇಳಿದೆ, ನಿನ್ನದನ್ನು ಹೇಳಲಿಲ್ಲ. ಅದನ್ನು ನೀನೇ ಹೇಳಬೇಕು. ಗುರುವಾರ ನಾನು ರಜೆ ಹಾಕಿದ್ದೇನೆ. ಬರುವಾಗ ತಿಂಡಿ ತಿಂದುಕೊಂಡು ಬಾ, ಆ ಬೆಂಚಿನ ಮೇಲೆ ತುಂಬ ಹೊತ್ತು ಕಾಯಬೇಕಾಗುತ್ತದೆ.