ಎಸಿ ಕೆಟ್ಟಿಲ್ಲ

ರೀ, ಬಂದವರೇ ಮತ್ತೆ ಎಸಿ ಬಿಚ್ಚಲು ಕೂರಬೇಡಿ. ನಾನು ಸೆಕೆ ಅಂದಾಗಲೆಲ್ಲ ಸ್ಟೂಲ್ ಹತ್ತುತ್ತೀರಿ. ಅದು ಚೆನ್ನಾಗಿಯೇ ಇದೆ. ಬೆಂಕಿ ಹೊತ್ತಿರುವುದು ನನ್ನ ಮೈಯೊಳಗೆ.

ಮುಟ್ಟು ನಿಲ್ಲುವ ಕಾಲವಂತೆ. ಬೆವರು, ನಿದ್ದೆಗೇಡು, ಮೂಗಿನ ತುದಿಯ ಸಿಟ್ಟು ಎಲ್ಲಾ ಅದರದ್ದೇ ಅಂದರು ಡಾಕ್ಟರಮ್ಮ. ಹಾರ್ಮೋನ್ ಮಾತ್ರೆ ಇದೆಯಂತೆ, ಅದು ಒಗ್ಗದಿದ್ದರೆ ಬೇರೆ ಔಷಧಿಯೂ ಇದೆಯಂತೆ. ನನಗೆ ಯಾವುದು ಸರಿ ಅಂತ ಕೇಳಲು ಮತ್ತೆ ಅವರ ಹತ್ತಿರವೇ ಹೊರಟಿದ್ದೇನೆ.

ಊಟ ಮುಚ್ಚಿಟ್ಟಿದ್ದೇನೆ. ಉಪ್ಪು ಹಾಕಿದೆನೋ ಇಲ್ಲವೋ ನೆನಪಿಲ್ಲ, ರುಚಿ ನೋಡಿಕೊಳ್ಳಿ. ಕಿಟಕಿ ಮುಚ್ಚಿದರೆ ನೋಡಿ ಮತ್ತೆ!

ಬೆಳಿಗ್ಗೆ ರೇಗಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಬೇಡ, ಸ್ವಲ್ಪ ಮಾಡಿಕೊಳ್ಳಿ. ರಿಪೇರಿಗೆ ಅಂತ ಗಿರಾಕಿಗಳ ಫೋನ್ ಬಂದರೆ, "ಯಾವಾಗಿಂದ ಹೀಗಾಗ್ತಿದೆಯಮ್ಮಾ?" ಅಂತ ಎಷ್ಟು ಸಮಾಧಾನವಾಗಿ ಕೇಳುತ್ತೀರಿ! ನಾನು ಬಂದ ಮೇಲೆ ನನ್ನನ್ನೂ ಒಂದು ಸಲ ಹಾಗೆ ಕೇಳಿ.