ಬಾಗಿಲಲ್ಲಿ ತೂರದ ಮಂಚ

ಟೈಲರ್ ಸಾಹೇಬ್ರೇ,

ಹದಿನೇಳು ಮನೆ ನೋಡಿ ಈ ಬಾಡಿಗೆ ಮನೆ ಆರಿಸಿದ್ರಿ. ಪರದೆಗೆ ಅಂತ ಟೇಪು ಹಿಡಿದು ಕಿಟಕಿ ಎಲ್ಲಾ ಅಳೆದ್ರಿ, ಬಾಗಿಲು ಮಾತ್ರ ಅಳೀಲಿಲ್ಲ. ಊರವರ ಸೊಂಟ ಅಳೆಯೋರಿಗೆ ಅಷ್ಟೂ ಹೊಳೀಲಿಲ್ಲ! ನಿಮ್ಮಮ್ಮ ಕೊಟ್ಟ ಮಂಚ ಒಳಗೆ ತೂರದೆ ಮೂರು ದಿನದಿಂದ ಮೆಟ್ಟಿಲ ಹತ್ರ ಬಿದ್ದಿದೆ. ಪಕ್ಕದ್ಮನೆ ಅಜ್ಜಿ ಅದರ ಮೇಲೆ ಆರಾಮಾಗಿ ಕೂತು ಪೇಪರ್ ಓದ್ತಾರೆ.

ನಾನು ಕೆಲಸಕ್ಕೆ ಹೊರಟೆ. ಹನ್ನೊಂದಕ್ಕೆ ಬಡಗಿ ಬರ್ತಾನೆ. ಕೊಯ್ಯಬೇಕಾದ್ದು ಮಂಚದ ಕಾಲನ್ನ, ಓನರ್ ಬಾಗಿಲನ್ನಲ್ಲ. ಪಕ್ಕದಲ್ಲೇ ನಿಂತು ತೋರಿಸಿ. ಅಜ್ಜಿನ ಮೊದಲು ಏಳಿಸಿ.

ಆತುರ ಏನಿಲ್ಲ ಬಿಡಿ. ನಾಲ್ಕು ವರ್ಷ ನಿಮ್ಮಮ್ಮನ ಮನೇಲಿ ಅದೇ ಮಂಚದ ಮೇಲೆ ಬರದ ನಿದ್ದೆ, ನಮ್ಮದೇ ಅಂತ ಸಿಕ್ಕ ಈ ನೆಲದ ಮೇಲೆ ಬರ್ತಿದೆ ಕಣ್ರೀ.